ವಿಷಯ: ಅಮೆರಿಕದ ‘ಸ್ನೋಬರ್ಡ್ ವೀಸಾ ಆ್ಯಕ್ಟ್’ಗೆ ಕನ್ನಡ (ತುರ್ತು)

ಮಾನ್ಯರೇ,

ಕೆನಡಾದಲ್ಲಿರುವ ನಮ್ಮ ಕನ್ನಡ ಸಂಘದ ಸುದ್ದಿಪತ್ರಕ್ಕಾಗಿ ಒಂದು ತಿಳಿವಳಿಕೆ ಬರಹವನ್ನು ಕನ್ನಡಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಅದು ಅಚ್ಚಿಗೆ ಹೋಗಬೇಕು. ಚಳಿಗಾಲ ಕಳೆಯಲು ಫ್ಲಾರಿಡಾ, ಅರಿಜೋನಾಗಳಿಗೆ ಹೋಗುವ ಕೆನಡಾದ ಪ್ರಜೆಗಳು (ಇಂಥವರನ್ನೇ ‘ಸ್ನೋಬರ್ಡ್’ ಎನ್ನುವುದು) ಅಮೆರಿಕದಲ್ಲಿ ಉಳಿಯಬಹುದಾದ ಅವಧಿಯನ್ನು 182 ದಿನಗಳಿಂದ 240 ದಿನಗಳಿಗೆ ಏರಿಸಬೇಕೆಂಬ ಪ್ರಸ್ತಾವ 2025ರಲ್ಲಿ ಅಲ್ಲಿಯ ಪ್ರತಿನಿಧಿ ಸಭೆಯ ಮುಂದೆ ಬಂದಿದೆ. ವಯಸ್ಸು 50 ತುಂಬಿರಬೇಕು, ಕೆನಡಾದಲ್ಲಿ ಮನೆ ಉಳಿಸಿಕೊಂಡಿರಬೇಕು, ಅಮೆರಿಕದಲ್ಲಿ ಸ್ವಂತದ್ದೋ ಬಾಡಿಗೆಯದ್ದೋ ಮನೆಯಿರಬೇಕು ಎಂಬುದು ಷರತ್ತು. ನಾನು ‘ಹಿಮಪಕ್ಷಿ ವೀಸಾ ಕಾಯ್ದೆ’ ಎಂದು ತಲೆಬರಹ ಕೊಟ್ಟು, ಒಳಗೆ ‘ನಿವಾಸಾವಧಿ’ ಎಂಬ ಪದವನ್ನು ಬಳಸಿದ್ದೇನೆ. ಇದಕ್ಕಿಂತ ಒಳ್ಳೆಯ ಪದಗಳಿದ್ದರೆ ಪದಚರ್ಚೆಯ ಈ ಬಳಗದವರು ದಯವಿಟ್ಟು ತಿಳಿಸಿ.

* * *

‘ಹಿಮಪಕ್ಷಿ’ ಸರಿಯಲ್ಲ. ಹಿಮಕ್ಕೆ ಹೆದರಿ ಓಡುವವರನ್ನು ಹಿಮದ ಹೆಸರಿನಿಂದಲೇ ಕರೆಯುವುದೇಕೆ? ‘ಮಾಗಿಹಕ್ಕಿ’ ಎನ್ನಿ. ‘ನಿವಾಸಾವಧಿ’ಯ ಅಗತ್ಯವೂ ಇಲ್ಲ. ಕೆಡು–ಕೇಡು, ಪಡು–ಪಾಡು ಆದಂತೆ ಬಿಡು ಎಂಬ ಧಾತುವಿನಿಂದ ಬೀಡು ಆಗಿದೆ. ಪಯಣವನ್ನು ನಿಲ್ಲಿಸಿ ತಂಗುವುದೇ ಬೀಡುಬಿಡುವುದು. ಆದ್ದರಿಂದ ‘ಬೀಡುಗಾಲ’ ಎಂದರೆ ಸಾಕು. ಕಾಯ್ದೆ, ಮಸೂದೆಗಳೆರಡೂ ಅರಬ್ಬಿ ಮೂಲದ ಪದಗಳು. ‘ಕಟ್ಟಳೆಯ ಕರಡು’ ಎಂದು ಬರೆದರೆ ಯಾವ ಕನ್ನಡಿಗನಿಗೆ ಅರ್ಥವಾಗುವುದಿಲ್ಲ?

* * *

ಮಾನ್ಯರೇ,

‘ಬೀಡು’ ಪದದ ವ್ಯುತ್ಪತ್ತಿ ಸರಿ, ಪ್ರಯೋಗ ಸರಿಯಲ್ಲ. ಹಳೇಬೀಡು ಹೊಯ್ಸಳರ ರಾಜಧಾನಿ; ಕರಾವಳಿಯ ಬೀಡುಗಳು ತಲೆತಲಾಂತರದ ಅರಸುಮನೆಗಳು. ಪದ ಹುಟ್ಟಿದ ಬಗೆಯೊಂದನ್ನೇ ನೋಡಿ ಅರ್ಥ ನಿರ್ಣಯಿಸುವ ಚಟ ಈ ಬಳಗವನ್ನು ಇನ್ನೂ ಬಿಟ್ಟಿಲ್ಲ. ‘ಮಾಗಿ’ ಎಂಬುದು ಸಂಸ್ಕೃತದ ‘ಮಾಘ’ದ ತದ್ಭವವೆಂಬುದನ್ನೂ ಶುದ್ಧಿವಾದಿಗಳು ಗಮನಿಸಬೇಕಿತ್ತು. ಆದರೂ ಪದ ಚೆನ್ನಾಗಿದೆ: ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುವುದು ಚಳಿಗಾಲದಲ್ಲಿಯೇ. ಒಮ್ಮೆ ‘ಚಳಿಗಾಲದ ವಲಸಿಗರು’ ಎಂದು ಬಿಡಿಸಿ ಹೇಳಿ, ಆಮೇಲೆ ‘ಮಾಗಿಹಕ್ಕಿ’ ಎಂದು ಬಳಸಬಹುದು.

ಪ್ರಶ್ನೆ ಕೇಳಿದವರು ಮುಖ್ಯವಾಗಿ ಕೈಬಿಡಬೇಕಾದದ್ದು ‘ನಿವಾಸ’ ಎಂಬುದನ್ನು. ಅದು ಸಂಸ್ಕೃತವೆಂಬ ಕಾರಣಕ್ಕಲ್ಲ, ಕಾನೂನಿನಲ್ಲಿ ಅದಕ್ಕೆ ಬೇರೆಯೇ ತೂಕವಿದೆಯೆಂಬ ಕಾರಣಕ್ಕೆ. ಅಮೆರಿಕದ ತೆರಿಗೆ ಇಲಾಖೆಯು ಈ ವರ್ಷ ಅಲ್ಲಿ ಕಳೆದ ಎಲ್ಲ ದಿನಗಳನ್ನು, ಹಿಂದಿನ ವರ್ಷದ ದಿನಗಳಲ್ಲಿ ಮೂರನೇ ಒಂದು ಭಾಗವನ್ನು, ಅದಕ್ಕೂ ಹಿಂದಿನ ವರ್ಷದ್ದರಲ್ಲಿ ಆರನೇ ಒಂದು ಭಾಗವನ್ನು ಕೂಡಿಸಿ, ಮೊತ್ತ 183 ಮುಟ್ಟಿದರೆ ಸಾಮಾನ್ಯವಾಗಿ ಆ ವ್ಯಕ್ತಿಯನ್ನು ತೆರಿಗೆಯ ಮಟ್ಟಿಗೆ ‘ನಿವಾಸಿ’ ಎಂದೇ ಎಣಿಸುತ್ತದೆ. ಮಾಗಿಹಕ್ಕಿಗಳು ತಪ್ಪಿಸಿಕೊಳ್ಳಬೇಕೆಂದಿರುವುದು ಇದೇ ಪಟ್ಟವನ್ನು. ಇತ್ತ ಕೆನಡಾದಲ್ಲಿಯೂ ಕಾಯಂ ನಿವಾಸಿ ಬೇರೆ, ಪ್ರಜೆ ಬೇರೆ. ಪ್ರಸ್ತಾವದಲ್ಲಿರುವುದು ಪ್ರಜೆಗಳ ಮಾತು ಮಾತ್ರ. ಕಾಯಂ ನಿವಾಸಿಯಾಗಿದ್ದೂ ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿರುವ ನಿಮ್ಮ ಸಂಘದ ಹಿರಿಯರಿಗೆ ಅದು ಅನ್ವಯಿಸುವುದಿಲ್ಲ. ಒಂದೇ ಪುಟದಲ್ಲಿ ‘ನಿವಾಸ’ ಎಂಬುದು ಮೂರು ಅರ್ಥಗಳಲ್ಲಿ ಬಂದರೆ ಓದುವವರ ಪಾಡೇನು? ‘ವಾಸ್ತವ್ಯದ ಅವಧಿ’ ಎಂದು ಬರೆಯಿರಿ. ಮಂತ್ರಿಗಳ ಗ್ರಾಮ ವಾಸ್ತವ್ಯವನ್ನು ಕಂಡ ಕನ್ನಡಿಗರಿಗೆ ವಾಸ್ತವ್ಯವೆಂದರೆ ಬಂದು, ಇದ್ದು, ಹೊರಡುವುದೆಂದು ಚೆನ್ನಾಗಿ ಗೊತ್ತು.

‘ಕಾಯ್ದೆ’ಯನ್ನಂತೂ ಬಳಸಲೇಬಾರದು. ಹೆಸರಿನಲ್ಲಿ ‘ಆ್ಯಕ್ಟ್’ ಎಂದಿದ್ದರೂ, ಎರಡೂ ಸದನಗಳ ಒಪ್ಪಿಗೆ ದೊರೆತು ಅಧ್ಯಕ್ಷರ ಅಂಕಿತ ಬೀಳುವವರೆಗೆ ಅದು ಮಸೂದೆಯೇ. ಅಮೆರಿಕದಲ್ಲಿ 2013ರಲ್ಲಿ ಬಂದ ‘ಜೋಲ್ಟ್’ ಎಂಬ ಮಸೂದೆಯಲ್ಲಿಯೂ ಕೆನಡಾದವರಿಗೆ 240 ದಿನಗಳ ಪ್ರಸ್ತಾವವಿತ್ತು; ಅದು ಕಾನೂನಾಗಲಿಲ್ಲ. ‘ಕಾಯ್ದೆ’ ಎಂದು ನಂಬಿ ಯಾರಾದರೂ ಅಲ್ಲಿ ಎಂಟು ತಿಂಗಳು ಉಳಿದುಬಿಟ್ಟರೆ, ಮುಂದಿನ ಸಲ ಗಡಿಯಲ್ಲಿ ಉತ್ತರ ಹೇಳಬೇಕಾದವರು ಅವರೇ. ವಿಧಾನಮಂಡಲದ ಕಾಗದಪತ್ರಗಳ ‘ವಿಧೇಯಕ’ವೂ ಸಾಧುವೇ, ಆದರೆ ಪತ್ರಿಕೆ ಓದುವವರ ಬಾಯಲ್ಲಿರುವುದು ‘ಮಸೂದೆ’. ‘ಕರಡು’ ಬೇಡ, ಮಂಡನೆಗೆ ಮೊದಲಿನ ಕರಡು ಮಸೂದೆಗೆ ಆ ಪದ ಮೀಸಲಾಗಿದೆ. ‘ವೀಸಾ’ ಶೀರ್ಷಿಕೆಯಲ್ಲಿರಲಿ, ಆದರೆ ಭೇಟಿಗೆ ಹೋಗುವ ಕೆನಡಾದ ಪ್ರಜೆಗಳಿಗೆ ಸಾಮಾನ್ಯವಾಗಿ ವೀಸಾ ಬೇಕಿಲ್ಲವೆಂದು ಒಳಗೊಂದು ಸಾಲು ಸೇರಿಸಿ.

* * *

‘ಮಸೂದೆ’ ಎಂದರೆ ಅರಬ್ಬಿಯಲ್ಲಿ ಕರಡು ಎಂದೇ ಅರ್ಥ. ಮನೆಯ ಪದವಿದ್ದಾಗ ಅದೇ ಅರ್ಥದ ಎರವಲು ಪದವನ್ನು ಮೇಲೆ ಕೂರಿಸಿ, ನಮ್ಮದನ್ನು ಅದಕ್ಕೆ ವಿಶೇಷಣ ಮಾಡಿ ‘ಕರಡು ಮಸೂದೆ’ ಎನ್ನುವುದು ಕರಡು ಕರಡು ಎಂದಂತೆ. ಇದನ್ನು ರೂಢಿಯೆಂದು ಸಮರ್ಥಿಸುವವರೊಡನೆ ನನಗೆ ಚರ್ಚೆಯಿಲ್ಲ.

* * *

‘ದಾಖಲೆ’, ‘ಅರ್ಜಿ’, ‘ವಕೀಲ’ಗಳನ್ನೂ ಹಿಂದಿರುಗಿಸಿ ಬನ್ನಿ, ಆಮೇಲೆ ಮಾತಾಡೋಣ.

* * *

ಮಾನ್ಯರೇ, ‘ಮಾಗಿಹಕ್ಕಿ ವೀಸಾ ಮಸೂದೆ: 240 ದಿನಗಳ ವಾಸ್ತವ್ಯದ ಪ್ರಸ್ತಾವ’ ಎಂದು ತಿದ್ದಿ ಕಳುಹಿಸಿದ್ದೇನೆ. ಇಬ್ಬರಿಗೂ ವಂದನೆಗಳು.