ಪದಚರ್ಚೆ: ಬಳಕೆಯಲ್ಲಿರುವ ಕ್ಯೂವಿನ ಸಂದೇಶಗಳನ್ನು ‘ಪರ್ಜ್’ ಮಾಡುವುದಕ್ಕೆ ಏನೆನ್ನೋಣ?

ಬಲ್ಲವರಿಗೆ ನಮಸ್ಕಾರ.

ಸರ್ವರ್ ನಿರ್ವಾಹಕರಿಗಾಗಿ ಬರೆದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೆಸೇಜ್ ಕ್ಯೂ ಕುರಿತ ಅಧ್ಯಾಯದಲ್ಲಿ ಪರ್ಜ್, ಕ್ಲಿಯರ್, ಡಿಲೀಟ್, ಡ್ರೈನ್ ಎಂಬ ನಾಲ್ಕು ಕ್ರಿಯಾಪದಗಳು ಬರುತ್ತವೆ. ಹಿಂದಿನ ಕರಡಿನಲ್ಲಿ ನಾಲ್ಕಕ್ಕೂ ‘ತೆರವುಗೊಳಿಸು’ ಎಂದೇ ಇದೆ. ಓದುವುದಕ್ಕೇನೋ ಹಿತವಾಗಿದೆ. ಅದನ್ನು ನಂಬಿ ಆದೇಶ ಕೊಡುವ ನಿರ್ವಾಹಕನ ಪಾಡು ಮಾತ್ರ ಬೇರೆ.

ಈ ವಿಷಯದ ಪರಿಚಯ ಇಲ್ಲದವರಿಗೆ ಎರಡು ಮಾತು. ಒಂದು ಪ್ರೋಗ್ರಾಂ ಸಂದೇಶವನ್ನು ಕ್ಯೂವಿಗೆ ಹಾಕುತ್ತದೆ, ಇನ್ನೊಂದು ಅದನ್ನು ತೆಗೆದುಕೊಂಡು ಕೆಲಸ ಮುಗಿಸಿ ‘ಮುಗಿಯಿತು’ ಎಂದು ಸ್ವೀಕೃತಿ ಕಳುಹಿಸುತ್ತದೆ. ತಪ್ಪು ಸಂದೇಶಗಳು ಬಂದು ತುಂಬಿಕೊಂಡಾಗ ಅವನ್ನು ಎಸೆಯಬೇಕಾಗುತ್ತದೆ. ಆ ಹೊತ್ತಿಗೆ ಹಾಕುವವರೂ ತೆಗೆಯುವವರೂ ಕೆಲಸ ನಡೆಸುತ್ತಲೇ ಇದ್ದರೆ ತೊಡಕು ಶುರುವಾಗುತ್ತದೆ, ಮತ್ತು ಒಂದೊಂದು ತಂತ್ರಾಂಶವೂ ಅದನ್ನು ಒಂದೊಂದು ರೀತಿಯಲ್ಲಿ ಬಿಡಿಸುತ್ತದೆ.

ರ‍್ಯಾಬಿಟ್‌ಎಂಕ್ಯೂನಲ್ಲಿ ಪರ್ಜ್ ಎಂದರೆ ಇನ್ನೂ ಯಾರಿಗೂ ಕೊಡದೆ ಕಾದಿರುವ ಸಂದೇಶಗಳನ್ನಷ್ಟೇ ಎಸೆಯುವುದು. ಗ್ರಾಹಕ ಪ್ರೋಗ್ರಾಂ ತೆಗೆದುಕೊಂಡು ಸ್ವೀಕೃತಿ ಕೊಡದೆ ಇಟ್ಟುಕೊಂಡಿರುವವು ಹಾಗೆಯೇ ಉಳಿಯುತ್ತವೆ. ಅದರ ಸಂಪರ್ಕ ಕಡಿದುಹೋದರೆ ಅವು ಮತ್ತೆ ಕ್ಯೂವಿಗೆ ಮರಳುತ್ತವೆ. ಎಸೆದೆವೆಂದುಕೊಂಡ ಸಂದೇಶ ಎದುರಿಗೆ ಬಂದು ನಿಂತಾಗ ‘ತೆರವುಗೊಳಿಸಲಾಗಿದೆ’ ಎಂಬ ವಾಕ್ಯ ಸುಳ್ಳಾಗಿ ಕಾಣುತ್ತದೆ. ಅಲ್ಲಿ ಡಿಲೀಟ್ ಎನ್ನುವುದು ಬೇರೆಯೇ ಆದೇಶ. ಸಂದೇಶಗಳ ಜೊತೆ ಕ್ಯೂವನ್ನೂ ಇಲ್ಲವಾಗಿಸುತ್ತದೆ. ಐಬಿಎಂ ಎಂಕ್ಯೂ ಇನ್ನಷ್ಟು ಬಿಗಿ: ಬೇರೆ ಪ್ರೋಗ್ರಾಂ ಕ್ಯೂವನ್ನು ತೆರೆದುಕೊಂಡಿದ್ದರೆ, ಅಥವಾ ಕಮಿಟ್ ಆಗದ (ಹಾಕಿದ್ದೋ ತೆಗೆದದ್ದೋ ಇನ್ನೂ ಖಾಯಂ ಆಗದ) ಸಂದೇಶಗಳಿದ್ದರೆ, ಅದರ ಕ್ಲಿಯರ್ ಆದೇಶ ನಡೆಯುವುದೇ ಇಲ್ಲ. ಆಗ ಸಂದೇಶಗಳನ್ನು ಒಂದೊಂದಾಗಿ ಓದಿ ತೆಗೆಯಬೇಕು. ಅದರ ಎಕ್ಸ್‌ಪ್ಲೋರರ್ ಕಿಟಕಿಯಲ್ಲಿ ಎರಡೂ ದಾರಿಗಳು ಆಯ್ಕೆಯಾಗಿ ಸಿಗುತ್ತವೆ. ಅಮೆಜಾನ್ ಎಸ್‌ಕ್ಯೂಎಸ್‌ನಲ್ಲಿ ಪರ್ಜ್ ಮುಗಿಯಲು 60 ಸೆಕೆಂಡುಗಳವರೆಗೆ ಹಿಡಿಯಬಹುದು, ಅಷ್ಟರೊಳಗೆ ಹಳೆಯ ಸಂದೇಶವೊಂದು ಯಾರದೋ ಕೈಗೆ ಸಿಕ್ಕಲೂಬಹುದು. ಕಾಫ್ಕಾದಲ್ಲಿ ಓದಿದ ಮಾತ್ರಕ್ಕೆ ಸಂದೇಶ ಹೋಗುವುದೇ ಇಲ್ಲ. ಉಳಿಸಿಕೊಳ್ಳುವ ಅವಧಿ ಮೀರಿದಾಗ ತಾನಾಗಿ ಹೋಗುತ್ತದೆ. ಬೇರೇನೂ ಹೇಳದಿದ್ದರೆ ಆ ಅವಧಿ 7 ದಿನ.

ಈಗ ಪದಗಳಿಗೆ ಬರುತ್ತೇನೆ. ‘ತೆರವು’ ಎಂಬುದಕ್ಕೆ ಕರ್ಮಪದ ಯಾವುದು ಎನ್ನುವುದೇ ನನ್ನ ತಕರಾರು. ‘ಜಾಗ ತೆರವು ಮಾಡಿದರು’ ಎಂದರೆ ಜಾಗ ಉಳಿಯುತ್ತದೆ, ಅಲ್ಲಿದ್ದವರು ಹೋಗುತ್ತಾರೆ. ‘ಒತ್ತುವರಿ ತೆರವು ಮಾಡಿದರು’ ಎಂದರೆ ಒತ್ತುವರಿಯೇ ಹೋಗುತ್ತದೆ. ಹಾಗಾದರೆ ‘ಕ್ಯೂವನ್ನು ತೆರವುಗೊಳಿಸಿ’ ಎಂದಾಗ ಕ್ಯೂ ಉಳಿಯಿತೋ ಹೋಯಿತೋ? ಎರಡು ಓದಿಗೂ ಕನ್ನಡದಲ್ಲಿ ಆಧಾರವಿದೆ, ನನಗೆ ಬೇಕಾದದ್ದು ಒಂದೇ.

‘ಖಾಲಿ ಮಾಡು’, ‘ಬರಿದು ಮಾಡು’ ಮೊದಲ ನೋಟಕ್ಕೆ ಸರಿಯಾಗಿ ತೋರುತ್ತವೆ. ಕೆರೆ ಬರಿದಾದರೂ ಕೆರೆ ಇರುತ್ತದೆ. ಆದರೆ ಕ್ಯೂವಿಗೆ ‘ಸಾಲು’ ಎಂದು ಬಳಸಿದ ಕೂಡಲೇ ಈ ಅನುಕೂಲ ಕೈತಪ್ಪುತ್ತದೆ. ನಮ್ಮ ಮಾತಿನಲ್ಲಿ ಸಾಲು ಪಾತ್ರೆಯಲ್ಲ. ನಿಂತವರೇ ಸಾಲು, ಅವರೆಲ್ಲ ಹೋದರೆ ‘ಖಾಲಿ ಸಾಲು’ ಎಂದು ಏನೂ ಉಳಿಯುವುದಿಲ್ಲ. ತಂತ್ರಾಂಶದ ಕ್ಯೂ ಹಾಗಲ್ಲ. ಅದಕ್ಕೊಂದು ಹೆಸರಿದೆ, ಅನುಮತಿಗಳಿವೆ, ಒಳಗೆ ಏನೂ ಇಲ್ಲದಿದ್ದರೂ ಅದು ಇರುತ್ತದೆ. ಜೊತೆಗೆ ದತ್ತಸಂಚಯದ ಕೋಷ್ಟಕಗಳಲ್ಲಿ ‘ಸಾಲು’ ಆಗಲೇ ಬೇರೆ ಅರ್ಥಕ್ಕೆ ನೆಲೆಯೂರಿದೆ. ‘ಸರತಿ’ ಎಂದರೆ ಪಾಳಿಯ ಅರ್ಥ ಮುಂದಾಗುತ್ತದೆ. ಹೀಗಾಗಿ ‘ಕ್ಯೂ’ವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಇದನ್ನು ಯಾರಾದರೂ ಸೋಮಾರಿತನ ಎಂದರೆ ಒಪ್ಪಲಾರೆ.

‘ವಿಲೇವಾರಿ’ಯನ್ನು ಗೆಳೆಯರೊಬ್ಬರು ಸೂಚಿಸಿದರು. ಸೊಗಸಾದ ಪದ, ಆದರೆ ಇಲ್ಲಿ ಅಪಾಯಕಾರಿ. ಕಡತ ವಿಲೇವಾರಿ ಎಂದರೆ ಅದರ ಮೇಲೆ ತೀರ್ಮಾನವಾಯಿತು ಎಂದರ್ಥ, ಕಸ ವಿಲೇವಾರಿ ಎಂದರೆ ಎಸೆದಾಯಿತು ಎಂದರ್ಥ. ‘10,000 ಸಂದೇಶಗಳು ವಿಲೇವಾರಿಯಾದವು’ ಎಂದು ಪರದೆಯ ಮೇಲೆ ಬಂದರೆ ಕೆಲಸ ಮುಗಿಯಿತೆಂದು ಖುಷಿಪಡುವುದೋ, ಹೋಯಿತಲ್ಲ ಎಂದು ತಲೆಯ ಮೇಲೆ ಕೈಹೊತ್ತುಕೊಳ್ಳುವುದೋ? ಸಂಸ್ಕೃತದ ಕಡೆ ತಿರುಗಿದರೆ ವೈದ್ಯಶಾಸ್ತ್ರದ ‘ವಿರೇಚನ’ ಸಿಗುತ್ತದೆ. ಅರ್ಥ ಚಾಚೂ ತಪ್ಪದೆ ಕೂಡುತ್ತದೆ. ಆದರೂ ‘ವಿರೇಚನ ಆರಂಭಿಸಲೇ?’ ಎಂದು ಕೇಳುವ ತಂತ್ರಾಂಶದ ಮುಂದೆ ಗಂಭೀರವಾಗಿ ಕೂರುವುದು ಕಷ್ಟ.

ಸದ್ಯಕ್ಕೆ ನಾನು ಮಾಡಿಕೊಂಡಿರುವ ಏರ್ಪಾಡು ಹೀಗಿದೆ. ಪರ್ಜ್‌ಗೆ ‘ಕಾದಿರುವ ಸಂದೇಶಗಳನ್ನು ಅಳಿಸು’, ಅಂದರೆ ಕರ್ಮ ಸಂದೇಶಗಳೇ ಹೊರತು ಕ್ಯೂ ಅಲ್ಲ. ಡಿಲೀಟ್‌ಗೆ ‘ಕ್ಯೂವನ್ನೇ ತೆಗೆದುಹಾಕು’. ಆ ಏಕಾರ ಬೇಕೆಂದೇ ಇಟ್ಟದ್ದು. ಡ್ರೈನ್ ಎಂದರೆ ಹೊಸ ಸಂದೇಶಗಳನ್ನು ತಡೆದು, ಇರುವವನ್ನು ಕೆಲಸ ಮಾಡಿಯೇ ಮುಗಿಸುವುದು. ಅದಕ್ಕೆ ‘ಬಸಿ’ ಎಂಬ ಅಚ್ಚಗನ್ನಡದ ಧಾತು ಇದೆ, ಆದರೆ ಬಸಿದದ್ದು ವ್ಯರ್ಥವಾಗಿ ಹೋಯಿತು ಎಂಬ ಧ್ವನಿ ನನ್ನ ಕಿವಿಗೆ ಕೇಳುತ್ತದೆ, ಹಾಗಾಗಿ ‘ಮುಗಿಯಗೊಡು’ ಎಂದು ಬರೆದಿದ್ದೇನೆ. ಕ್ಲಿಯರ್‌ಗೆ ಬೇರೆ ಪದ ಹುಡುಕಿಲ್ಲ. ಅದು ಪರ್ಜ್‌ನ ಕೆಲಸವನ್ನೇ ಮಾಡುವ ಕಡೆ ಅದೇ ಮಾತು ಸಾಕು.

ನಿಮ್ಮಲ್ಲಿ ಕೇಳಬೇಕಾದದ್ದು ಮುಖ್ಯವಾಗಿ ಎರಡು. ‘ಬಸಿ’ಯ ಬಗ್ಗೆ ನನ್ನ ಕಿವಿ ಹೇಳುತ್ತಿರುವುದು ಸರಿಯೇ, ಅಥವಾ ನಷ್ಟದ ಧ್ವನಿ ಇಲ್ಲದೆ ಅದನ್ನು ಬಳಸುವ ಕಡೆಗಳಿವೆಯೇ? ಇನ್ನೊಂದು, ‘ಬಳಕೆಯಲ್ಲಿದೆ’ ಎಂಬ ಮಾತು. ‘ಈ ಪದ್ಧತಿ ಬಳಕೆಯಲ್ಲಿದೆ’ ಎನ್ನುವಾಗ ಅದು ರೂಢಿಯನ್ನು ಹೇಳುತ್ತದೆ, ಈ ಗಳಿಗೆಯಲ್ಲಿ ಯಾರೋ ಹಿಡಿದುಕೊಂಡಿದ್ದಾರೆ ಎಂಬುದನ್ನಲ್ಲ. ಆದೇಶ ನಿರಾಕರಿಸುವ ಸಂದೇಶಕ್ಕೆ ನಾನು ‘ಬೇರೊಂದು ಪ್ರೋಗ್ರಾಂ ಈ ಕ್ಯೂವನ್ನು ತೆರೆದಿಟ್ಟುಕೊಂಡಿದೆ’ ಎಂದು ಬರೆದಿದ್ದೇನೆ. ಪರದೆಯಲ್ಲಿ ಜಾಗ ಕಡಿಮೆ, ಎರಡು ಪದಕ್ಕೆ ಇಳಿಸಬೇಕಿದೆ. ‘ಕ್ಯೂ ತೆರೆದಿದೆ’ ಎಂದರೆ ಬನ್ನಿ ಎಂದು ಕರೆದಂತಾಗುತ್ತದೆ, ‘ಕ್ಯೂ ನಿರತ’ ಎಂದರೆ ದೂರವಾಣಿಯ ನೆನಪಾಗುತ್ತದೆ. ಇವೆರಡನ್ನು ಬಿಟ್ಟು ಬೇರೇನಾದರೂ ಹೊಳೆದರೆ ತಿಳಿಸಿ.