ಮಲ್ಪೆಯ ಅಡುಗೆಮನೆಗೆ ಯಾವ ಶಟರ್? ಹಲಸಿನ ಹಲಗೆ ಆಗಬಹುದೇ?

ಪ್ರಶ್ನೆ

ನಮ್ಮ ಮನೆ ಮಲ್ಪೆಯಲ್ಲಿ ಕಡಲಿಗೆ ಹತ್ತಿರದಲ್ಲಿದೆ. ಆರು ವರ್ಷಗಳ ಹಿಂದೆ ಅಡುಗೆಮನೆಯ ಕಪಾಟುಗಳಿಗೆ ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ) ಶಟರ್, ಅಂದರೆ ಬಾಗಿಲು, ಹಾಕಿಸಿದ್ದೆವು. ಮೂರನೆಯ ಮಳೆಗಾಲಕ್ಕೆ ಸಿಂಕಿನ ಕೆಳಗಿನ ಜೋಡಿ ಬಾಗಿಲುಗಳು ಬುಡದಲ್ಲಿ ಉಬ್ಬಿದವು. ಈಗ ಬಿಜಾಗರಿಯ ಸ್ಕ್ರೂ ಕೂಡ ಹಿಡಿಯುತ್ತಿಲ್ಲ. ಒಳಗಿನ ಪ್ಲೈವುಡ್ ಪೆಟ್ಟಿಗೆಗಳು ಗಟ್ಟಿಯಾಗಿರುವುದರಿಂದ ಬಾಗಿಲುಗಳನ್ನೂ ಡ್ರಾಯರ್‌ಗಳ ಮುಂಭಾಗವನ್ನೂ ಮಾತ್ರ ಬದಲಿಸುವ ಆಲೋಚನೆಯಿದೆ. ಹಿತ್ತಿಲಲ್ಲಿ ಬಿದ್ದ ಹಲಸಿನ ಮರವನ್ನು ಮಾವನವರು ಕೊಯ್ಯಿಸಿ, ಒಂದು ಅಂಗುಲದ ಹಲಗೆಗಳನ್ನು ಎರಡು ವರ್ಷದಿಂದ ಅಟ್ಟದ ಮೇಲೆ ಒಣಗಿಸಿಟ್ಟಿದ್ದಾರೆ. ಅವನ್ನೇ ಬಳಸಬೇಕೆಂಬುದು ಅವರ ಆಸೆ. ಅಂಗಡಿಯವರು ಮಾತ್ರ ಡಬ್ಲ್ಯೂಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ ಹಲಗೆ) ಹಾಕಿಸಿ ಎನ್ನುತ್ತಾರೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಮರದ ಕೆಲಸದವನು, ಮಂಗಳೂರು)

ಎಲ್ಲ ಕಡೆಗೂ ಒಂದೇ ವಸ್ತು ಇರಬೇಕೆಂಬ ಹಟವನ್ನು ಮೊದಲು ಬಿಡಿ. ಹಲಸು ಒಳ್ಳೆಯ ಮರ, ತಿರುಳಿಗೆ ಒರಲೆ ಸುಲಭವಾಗಿ ಹಿಡಿಯುವುದಿಲ್ಲ, ಹಳದಿ ಬಣ್ಣ ವರ್ಷಗಳು ಕಳೆದಂತೆ ಕಂದಾಗುತ್ತಾ ಚೆಂದವಾಗುತ್ತದೆ. ಆದರೆ ಯಾವ ಮರವೇ ಆಗಲಿ, ಉದ್ದಕ್ಕೆ ಹೆಚ್ಚು ಕದಲದಿದ್ದರೂ ಅಗಲಕ್ಕೆ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಆದ್ದರಿಂದ ಹಲಗೆಗಳನ್ನು ಅಂಟಿಸಿ ಅಗಲವಾದ ಬಾಗಿಲು ಮಾಡಿಸಿದರೆ ಅದು ಸೊಟ್ಟಗಾಗುವ ಸಂಭವವೇ ಹೆಚ್ಚು. ಡ್ರಾಯರ್‌ಗಳ ಮುಂಭಾಗಕ್ಕೆ ಈ ಭಯ ಕಡಿಮೆ, ಏಕೆಂದರೆ ಅದರ ಬೆನ್ನಿಗೆ ಪೆಟ್ಟಿಗೆಯ ಆಧಾರವಿರುತ್ತದೆ. ಮರದ ನಾರು ಅಡ್ಡಲಾಗಿ ಬರುವಂತೆ ಕೊಯ್ಯಿಸಿ; ಎಂಟು ಅಂಗುಲ ಎತ್ತರದ ತುಂಡು ಆಟಿಯ ಮಳೆಯಲ್ಲಿ ಒಂದೆರಡು ಮಿಲಿಮೀಟರ್ ಬೆಳೆಯಬಹುದು, ಆದ್ದರಿಂದ ಮಾರ್ಚ್‌ನಲ್ಲಿ ಕೂರಿಸುವುದಾದರೆ ಸಂದಿಗೆ 3 ಮಿಲಿಮೀಟರ್ ಬಿಡಿಸಿ. ಪೆಟ್ಟಿಗೆಗೆ ಅಂಟಿಸಬೇಡಿ. ಸ್ಕ್ರೂ ತೂತುಗಳನ್ನು ತುಸು ದೊಡ್ಡದಾಗಿ ಕೊರೆದು ವಾಷರ್ ಹಾಕಿ ಬಿಗಿದರೆ ಮರ ಕದಲಿದರೂ ಸೀಳುವುದಿಲ್ಲ.

ಬಾಗಿಲುಗಳಿಗೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಐಎಸ್ 710 ಗುರುತಿನ 18 ಮಿಲಿಮೀಟರ್ ಮರೀನ್ ಪ್ಲೈವುಡ್ ಹಾಕಿಸಿ; ಅದರ ಅಂಟು 72 ಗಂಟೆ ಕುದಿಯುವ ನೀರನ್ನು ತಾಳಬೇಕು. ಹಾಳೆಯ ಮೇಲಿನ ಪರವಾನಗಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿಯೇ ಹಣ ಕೊಡಿ. ಮೈಕಾವನ್ನು ಎರಡೂ ಬದಿಗೆ ಹಾಕಿಸುವುದು ಮುಖ್ಯ. ಹೊರಗೆ ಮಾತ್ರ ಹಾಕಿ ಒಳಬದಿಗೆ ಬಣ್ಣ ಬಳಿದ ಬಾಗಿಲು ಎರಡೂ ಕಡೆಯಿಂದ ತೇವವನ್ನು ಸಮನಾಗಿ ಹೀರದೆ ಬಿಲ್ಲಿನಂತೆ ಬಾಗುತ್ತದೆ.

ಉತ್ತರ 2 (ಸುರತ್ಕಲ್)

ಮೇಲಿನವರ ಮಾತಿಗೆ ನನ್ನ ಅನುಭವದ ಒಂದು ಸೇರ್ಪಡೆ. ನಮ್ಮಲ್ಲಿ ಪ್ಲೈವುಡ್ ಉತ್ತಮವಾದುದೇ ಆಗಿತ್ತು, ಆದರೂ ಕೆಟ್ಟದ್ದು ಅಂಚಿನಿಂದ. ಕೆಲಸದವರು ಮೂರು ಬದಿಗೆ ಪಟ್ಟಿ ಅಂಟಿಸಿ, ಕಣ್ಣಿಗೆ ಬೀಳದ ಕೆಳಗಿನ ಅಂಚನ್ನು ಹಾಗೆಯೇ ಬಿಟ್ಟಿದ್ದರು; ನೆಲ ಒರೆಸುವ ನೀರು ಅಲ್ಲಿಂದಲೇ ಏರಿತು. ನಾಲ್ಕೂ ಅಂಚಿಗೆ 2 ಮಿಲಿಮೀಟರ್ ಪಿವಿಸಿ ಪಟ್ಟಿ ಬೇಕು, ಬಿಜಾಗರಿಗೆ ಕೊರೆದ 35 ಮಿಲಿಮೀಟರ್ ಕುಳಿಯ ಒಳಗೂ ವಾರ್ನಿಶ್ ಬಳಿಸಬೇಕು. ಬಿಜಾಗರಿಯನ್ನು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದೇ ಕೊಳ್ಳಿ. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು ತೋರಿಸಿದರೆ ನಂಬಬೇಡಿ, ಬೇಗ ತುಕ್ಕು ಹಿಡಿಯುವ 202 ಕೂಡ ಅದಕ್ಕೆ ಅಂಟುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಡಬ್ಲ್ಯೂಪಿಸಿ ಬೇಡವೇ ಬೇಡವೇ?

ಉತ್ತರ 1

ಸಿಂಕಿನ ಕೆಳಗಿನ ಜೋಡಿಗೆ ಧಾರಾಳವಾಗಿ ಹಾಕಿಸಿ, ಅಲ್ಲಿ ಅದಕ್ಕಿಂತ ಉತ್ತಮವಾದುದು ಕಷ್ಟ. ಒಲೆಯ ಪಕ್ಕಕ್ಕೆ ಮಾತ್ರ ಬೇಡ. ಹೆಚ್ಚಿನವು ಪಿವಿಸಿ ಆಧಾರದವಾಗಿರುವುದರಿಂದ ಬಿಸಿಗೆ ಮೆತ್ತಗಾಗುತ್ತವೆ, ಕುಚ್ಚಲಕ್ಕಿ ಬೇಯುವಷ್ಟು ಹೊತ್ತು ಉರಿಯುವ ನಮ್ಮ ಒಲೆಗಳ ಬದಿಯಲ್ಲಿ ಉದ್ದನೆಯ ಬಾಗಿಲು ಬಾಗದೆ ಇರದು. ಸ್ಕ್ರೂ ಹಿಡಿತವೂ ಪ್ಲೈವುಡ್‌ನಷ್ಟಿಲ್ಲ. ಒಮ್ಮೆ ಬಿಚ್ಚಿ ಅದೇ ತೂತಿಗೆ ಮತ್ತೆ ಹಾಕಿದರೆ ಸಡಿಲವಾಗುತ್ತದೆ. ಹಲಸಿನ ಹಲಗೆಗಳನ್ನು ಕೊಯ್ಯುವ ಮೊದಲು ಅಟ್ಟದಿಂದ ಇಳಿಸಿ, ನಡುವೆ ರೀಪು ಇಟ್ಟು ಒಂದೆರಡು ವಾರ ಅಡುಗೆಮನೆಯಲ್ಲಿಯೇ ಇರಿಸಿ. ಅಷ್ಟರಲ್ಲಿ ಯಾವ ಹಲಗೆ ತಿರುಚುತ್ತದೆ ಎಂಬುದು ಮಾವನವರ ಕಣ್ಣಿಗೇ ಕಾಣಿಸುತ್ತದೆ.