ಶಾಲಾ ಕಂಪ್ಯೂಟರ್ ಪ್ರಶ್ನೋತ್ತರ: ಅಡ್ಮಿನ್ ಸರ್ ಅವರನ್ನು ಕೇಳಿ

ಅಡ್ಮಿನ್: ಹಲವು ಶಾಲೆಗಳ ಕಂಪ್ಯೂಟರ್, ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಕೇಳಿ. ಪಾಸ್‌ವರ್ಡ್ ಮಾತ್ರ ಇಲ್ಲಿ ಬರೆಯಬೇಡಿ.

ಲ್ಯಾಬ್ ಟೀಚರ್: ಸರ್, ವಿಂಡೋಸ್ 10 ಇನ್ನೂ ಬಳಸಬಹುದಾ?

ಅಡ್ಮಿನ್: ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸದಿದ್ದರೆ ಇಂಟರ್‌ನೆಟ್‌ಗೆ ಜೋಡಿಸಬೇಡಿ.

ಕ್ಲರ್ಕ್: ಸರ್, ಬೆಳಿಗ್ಗೆಯಿಂದ ಅಂಕಪಟ್ಟಿಯ ಫೈಲುಗಳು ತೆರೆಯುತ್ತಿಲ್ಲ. ಎಲ್ಲದರ ಹೆಸರಿನ ಕೊನೆಗೆ ಏನೇನೋ ಅಕ್ಷರ ಸೇರಿವೆ. ಹಣ ಕೇಳುವ ಮೆಸೇಜೂ ಇದೆ. ಬ್ಯಾಕಪ್ ಡಿಸ್ಕ್ ಅದೇ ಕಂಪ್ಯೂಟರ್‌ಗೆ ಸಿಕ್ಕಿಸಿದೆ.

ಅಡ್ಮಿನ್: ಉಳಿದವರು ಸ್ವಲ್ಪ ತಡೆಯಿರಿ. ಮೇಡಂ, ಇದು ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ಸಾಫ್ಟ್‌ವೇರ್, ರ್‍ಯಾನ್ಸಮ್‌ವೇರ್. ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ, ವೈಫೈ ಆಫ್ ಮಾಡಿ. ಬ್ಯಾಕಪ್ ಡಿಸ್ಕ್ ಈಗಲೇ ತೆಗೆಯಿರಿ. ಏನು ಉಳಿದಿದೆ ನೋಡೋಣ ಅಂತ ಇನ್ನೊಂದು ಕಂಪ್ಯೂಟರ್‌ಗೆ ಹಾಕಬೇಡಿ. ಯಂತ್ರವನ್ನು ಆಫ್ ಮಾಡಬೇಡಿ, ಮೆಮೊರಿಯಲ್ಲಿರುವ ಸುಳಿವು ಅಳಿಸಿಹೋಗುತ್ತದೆ. ನೆಟ್‌ವರ್ಕಿನಿಂದ ಬಿಡಿಸಲು ಆಗಲೇ ಇಲ್ಲ ಅಂದರೆ ಮಾತ್ರ ಆಫ್. ಆ ಮೆಸೇಜಿನ ಫೋಟೋ ತೆಗೆದಿಡಿ. ಫಾರ್ಮ್ಯಾಟ್ ಮಾಡಲು ಯಾರನ್ನೂ ಬಿಡಬೇಡಿ. ಎಲ್ಲ ಶಾಲೆಗಳಿಗೂ ಒಂದೇ ಅಡ್ಮಿನ್ ಪಾಸ್‌ವರ್ಡಾ?

ಕ್ಲರ್ಕ್: ಹೌದು ಸರ್. ನೆನಪಿಡಲು ಸುಲಭ ಅಂತ.

ಅಡ್ಮಿನ್: ನನಗೆ ಭಯ ಇದ್ದದ್ದೇ ಅದು. ಒಂದು ಕಡೆ ಸಿಕ್ಕಿದ ಪಾಸ್‌ವರ್ಡ್ ಹಿಡಿದು ಎಲ್ಲ ಕಡೆ ನುಗ್ಗಬಹುದು. ಸೋಂಕಿಲ್ಲದ ಯಂತ್ರದಿಂದ ಒಂದೊಂದು ಶಾಲೆಗೂ ಬೇರೆ ಪಾಸ್‌ವರ್ಡ್ ಹಾಕಿಸಿ. ಉಳಿದ ಶಾಲೆಗಳಿಗೆ ಫೋನ್‌ನಲ್ಲೇ ತಿಳಿಸಿ. ಇಮೇಲನ್ನು ಕಳ್ಳರೂ ಓದುತ್ತಿರಬಹುದು.

ಪೋಷಕರು: ನನಗೊಂದು ಫಾರ್ವರ್ಡ್ ಬಂದಿದೆ. ಸೇರಿಕೊಂಡ ಅಕ್ಷರ ಅಳಿಸಿದರೆ ಫೈಲ್ ತೆರೆಯುತ್ತದಂತೆ. ಲಿಂಕ್‌ನಲ್ಲಿ ಟೂಲ್ ಕೂಡ ಇದೆ.

ಅಡ್ಮಿನ್: ತೆರೆಯುವುದಿಲ್ಲ. ಎನ್‌ಕ್ರಿಪ್ಟ್, ಅಂದರೆ ಓದಲಾಗದ ಗೂಢಲಿಪಿ, ಆಗಿರುವುದು ಒಳಗಿನ ಡೇಟಾ, ಹೆಸರಲ್ಲ. ಆ ಲಿಂಕ್ ಯಾರೂ ಒತ್ತಬೇಡಿ, ದಯವಿಟ್ಟು ಅಳಿಸಿ. ಕೆಲವು ರ್‍ಯಾನ್ಸಮ್‌ವೇರ್‌ಗೆ ನಿಜವಾದ ಟೂಲ್ ‘ನೋ ಮೋರ್ ರ್‍ಯಾನ್ಸಮ್’ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಅಲ್ಲಿ ಹುಡುಕಿ, ವಾಟ್ಸಾಪಿನಲ್ಲಲ್ಲ.

ಸಂಗೀತ ಟೀಚರ್: ನಮ್ಮ ಪ್ರೊಜೆಕ್ಟರ್‌ನಲ್ಲಿ ಎಲ್ಲ ಹಳದಿ ಕಾಣುತ್ತದೆ, ಯಾಕೆ?

ಇನ್ನೊಬ್ಬ ಪೋಷಕರು: ಸರ್, ವಿಂಡೋಸ್ 10 ಪರವಾಗಿಲ್ವಾ?

ಅಡ್ಮಿನ್: ಮೇಲೆ ಇದೆ. ಓದಿ.

ಕ್ಲರ್ಕ್: ಟೀಚರ್‌ಗಳು ತರುವ ಪೆನ್‌ಡ್ರೈವ್‌ನಿಂದಲೇ ಇದು ಬಂದಿರಬೇಕು.

ಲ್ಯಾಬ್ ಟೀಚರ್: ಓಹೋ! ಬಿಲ್ ಅಂತ ಬಂದ ಮೇಲನ್ನೆಲ್ಲ ತೆರೆಯುವವರು ಯಾರು?

ಕ್ಲರ್ಕ್: ನೀವು ನೋಡಿದಿರಾ?

ಲ್ಯಾಬ್ ಟೀಚರ್: ಅಡ್ಮಿನ್ ಹಕ್ಕೆಲ್ಲ ನಿಮ್ಮ ಆಫೀಸಿಗೆ. ನಮಗೆ ಒಂದು ಪ್ರಿಂಟರ್ ಹಾಕಿಕೊಳ್ಳಲೂ ಬಿಡಲ್ಲ.

ಪೋಷಕರು: ಮಕ್ಕಳ ಅಂಕಗಳ ಕಥೆ ಏನು, ಅದನ್ನು ಹೇಳಿ ಮೊದಲು.

ಅಡ್ಮಿನ್: ಜಗಳ ಬೇರೆ ಕಡೆ ಆಡಿ. ದಿನದ ಕೆಲಸಕ್ಕೆ ನಿಮ್ಮಿಬ್ಬರಿಗೂ ಅಡ್ಮಿನ್ ಹಕ್ಕು ಬೇಡ. ಮೇಡಂ, ಕೇಬಲ್ ಕಿತ್ತಿರಾ, ಇಲ್ವಾ?

ಕ್ಲರ್ಕ್: ಕಿತ್ತೆ. ಡಿಸ್ಕ್ ಮಾತ್ರ ಲ್ಯಾಬ್ ಟೀಚರ್ ತೆಗೆದುಕೊಂಡು ಹೋದರು, ಅಲ್ಲಿ ಹಾಕಿ ನೋಡುತ್ತಾರಂತೆ.

ಅಡ್ಮಿನ್: ಓಡಿ ಹೋಗಿ ತಡೆಯಿರಿ ಅವರನ್ನು!